ಇಂಟರ್‌ಫಿಯರೆನ್ಸ್: ಹಸ್ತಕ್ಷೇಪವೇ, ವ್ಯತಿಕರಣವೇ? (ಸಂಜೆಯೊಳಗೆ ಬೇಕು)

ಬಲ್ಲವರಿಗೆ ನಮಸ್ಕಾರ.

ಸಂವೇದಕಗಳ (ಸೆನ್ಸರ್‌ಗಳ) ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ ಅಚ್ಚಿಗೆ ಹೋಗಬೇಕು, ಒಂದು ತಲೆಬರಹ ಕೂರುತ್ತಿಲ್ಲ. ಬೇರೆ ರೇಡಿಯೊಗಳ ಇಂಟರ್‌ಫಿಯರೆನ್ಸ್ ಇದ್ದರೂ ಲೋ-ಪವರ್ ವೈರ್‌ಲೆಸ್ ಜಾಲವನ್ನು ರಿಲಯಬಲ್ ಆಗಿಸುವುದು ಆ ಅಧ್ಯಾಯದ ವಿಷಯ. ‘ಹಸ್ತಕ್ಷೇಪವಿದ್ದರೂ ವಿಶ್ವಾಸಾರ್ಹವಾದ ಕಿರುಶಕ್ತಿ ನಿಸ್ತಂತು ಜಾಲ’ ಎಂದು ಬರೆದು ಹೊಡೆದುಹಾಕಿದೆ. ರಾಜಕೀಯ ವರದಿಯ ವಾಸನೆ ಬರುತ್ತಿತ್ತು. ಪಠ್ಯಪುಸ್ತಕದ ‘ವ್ಯತಿಕರಣ’ ಹೊಂದುತ್ತದೆಯೇ?

ಮರು:

‘ಅಡ್ಡಲೆ’ ಎಂದು ಬರೆಯಿರಿ. ಅಡ್ಡ + ಅಲೆ, ಲೋಪಸಂಧಿ. ರಿಲಯಬಲ್‌ಗೆ ‘ನೆಚ್ಚಿನ’. ‘ಕಿರುಶಕ್ತಿ’ ಅರಿಸಮಾಸ, ಮೊದಲು ಅದನ್ನು ಕೀಳಿರಿ. ಸಂಸ್ಕೃತದ ಸಾಲ ಇನ್ನೆಷ್ಟು ದಿನ?

ಮರು: ಮರು:

‘ಅಡ್ಡಲೆ’ ನಡೆಯದು. ರೇಡಿಯೊ ಅಲೆ ತಾನೇ ಅಡ್ಡ ಅಲೆ, ಕಂಪನ ಅದು ಸಾಗುವ ದಿಕ್ಕಿಗೆ ಅಡ್ಡವಾಗಿರುತ್ತದೆ. ಸಂವೇದಕದ್ದೂ ಅಡ್ಡಲೆ, ಅದನ್ನು ಕೆಡಿಸುವುದೂ ಅಡ್ಡಲೆ ಎಂದರೆ ಓದುಗ ಏನು ತಿಳಿಯಬೇಕು? ‘ನೆಚ್ಚಿನ’ ಎಂದೊಡನೆ ಇಂದು ನೆನಪಾಗುವುದು ನೆಚ್ಚಿನ ನಟ. ಕಿರುಚಿತ್ರ, ಕಿರುಕಥೆಗಳಲ್ಲಿ ಯಾರ ಕಿವಿಗೂ ಚುಚ್ಚದ ಅರಿಸಮಾಸ ಇಲ್ಲಿ ಮಾತ್ರ ಏಕೆ ಚುಚ್ಚಬೇಕು? ‘ಕಿರುಶಕ್ತಿ’ ಬೇಡ ಎನ್ನಲು ನನ್ನ ಕಾರಣ ಬೇರೆ: ಜೂಲ್‌ನಲ್ಲಿ ಅಳೆಯುವುದು ಶಕ್ತಿ, ವ್ಯಾಟ್‌ನಲ್ಲಿ ಅಳೆಯುವುದು ಸಾಮರ್ಥ್ಯ.

‘ವ್ಯತಿಕರಣ’ವನ್ನು ಬೆಳಕಿನ ಪಾಠಕ್ಕೆ ಬಿಡಿ. ಅಲ್ಲಿ ಎರಡು ಅಲೆಗಳು ಕೂಡಿ ಪಟ್ಟೆಗಳು ಮೂಡುತ್ತವೆ. ಇಲ್ಲಿ ನಡೆಯುವುದು ದೊಡ್ಡ ದನಿಯಲ್ಲಿ ಸಣ್ಣ ದನಿ ಮುಳುಗುವುದು. ಸಂವೇದಕ ಬಹುಮಟ್ಟಿಗೆ 1 ಮಿಲಿವ್ಯಾಟ್‌ನಲ್ಲಿ ಮಾತನಾಡಿದರೆ ಪಕ್ಕದ ವೈಫೈ 100 ಮಿಲಿವ್ಯಾಟ್‌ವರೆಗೂ ಏರುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಸಂವೇದಕಗಳಿಗಿರುವ 16 ಚಾನೆಲ್‌ಗಳಲ್ಲಿ ಒಂದು ವೈಫೈ ಚಾನೆಲ್ ಸುಮಾರು ನಾಲ್ಕನ್ನು ಕವಿದುಬಿಡುತ್ತದೆ. ಅದು ಯಾರ ಮಾತಿಗೂ ಬೇಕೆಂದು ಕೈ ಹಾಕುವುದಿಲ್ಲ. ಹಾಗಾಗಿ ‘ಹಸ್ತಕ್ಷೇಪ’ವೂ ತಪ್ಪು.

ಮೈಕ್ರೊವೇವ್ ಒಲೆಯ ಪಕ್ಕದಲ್ಲಿ ಸಂವೇದಕವಿಟ್ಟು ನಾನೇ ನೋಡಿದ್ದೇನೆ. ಒಲೆ ಹೊತ್ತಿದೊಡನೆ ಸಂದೇಶಗಳು ಉದುರತೊಡಗಿದವು. ಆದರೆ ಸಾಮಾನ್ಯ ಒಲೆಯ ಗದ್ದಲ ವಿದ್ಯುತ್ತಿನ ಪ್ರತಿ ಆವರ್ತದಲ್ಲೂ ಹೆಚ್ಚುಕಡಿಮೆ ಅರ್ಧ ಹೊತ್ತು ಬಿಡುವು ಕೊಡುತ್ತದೆ; 50 ಹರ್ಟ್ಸ್‌ನಲ್ಲಿ ಸುಮಾರು 10 ಮಿಲಿಸೆಕೆಂಡು. 127 ಬೈಟ್‌ಗಳ ಸಂದೇಶಕ್ಕೆ ಸುಮಾರು ನಾಲ್ಕು ಮಿಲಿಸೆಕೆಂಡು ಸಾಕು. ತಲುಪಿತೆಂಬ ಮರುತ್ತರ ಬಾರದಿದ್ದಾಗ ಚಾನೆಲ್ ಬದಲಿಸಿ ಮತ್ತೆ ಕಳುಹಿಸಿದರೆ ಎಲ್ಲವೂ ಆ ಸಂದಿಗಳಲ್ಲಿ ನುಸುಳಿ ಬಂದವು. ರಿಲಯಬಲ್ ಎಂದರೆ ಇಲ್ಲಿ ಇದೇ, ತಪ್ಪದೆ ತಲುಪುವುದು. ವಿಶ್ವಾಸ, ನೆಚ್ಚಿಕೆ ಎಲ್ಲ ಮನುಷ್ಯರ ನಡುವಿನ ಮಾತು. ನಾಮಪದ ಹುಡುಕುವುದನ್ನು ಬಿಟ್ಟು ಕ್ರಿಯಾಪದ ಹಿಡಿಯಿರಿ:

‘ಅಡಚಣೆಯ ನಡುವೆಯೂ ಸಂದೇಶವನ್ನು ತಪ್ಪದೆ ತಲುಪಿಸುವ, ಕಡಿಮೆ ವಿದ್ಯುತ್ತಿನ ನಿಸ್ತಂತು ಜಾಲ’.

ಮರು: ಮರು: ಮರು:

‘ಅಡಚಣೆ’ ಮರಾಠಿಯದು. ‘ನಿಸ್ತಂತು’ ಸಂಸ್ಕೃತದ್ದು. ಇದು ಕನ್ನಡವೇ?

ಮರು: ಮರು: ಮರು: ಮರು:

ಮರಾಠಿಯಲ್ಲಿಯೂ ಇದೆ. ಕನ್ನಡದಲ್ಲಿ ‘ಅಡಚು’ ಧಾತುವೂ ಇದೆ, ಅದರ ಅರ್ಥ ಒತ್ತು, ತುರುಕು. ಇಕ್ಕಟ್ಟಾದ ಚಾನೆಲ್‌ಗೆ ಇದಕ್ಕಿಂತ ಒಪ್ಪುವ ಪದ ನನಗೆ ಕಾಣದು. ‘ರೇಡಿಯೊ’ಗೆ ತಕರಾರಿಲ್ಲದವರು ‘ನಿಸ್ತಂತು’ವಿಗೆ ಮುನಿಯುವುದು ನ್ಯಾಯವಲ್ಲ.

ಮರು: ಮರು: ಮರು: ಮರು: ಮರು:

ಕೇಳಿದವನು ನಾನು. ‘ಅಡಚಣೆ’ಯನ್ನೂ ‘ತಪ್ಪದೆ ತಲುಪಿಸುವ’ ಎಂಬುದನ್ನೂ ತೆಗೆದುಕೊಂಡೆ. ‘ನಿಸ್ತಂತು’ ಹಾಗೆಯೇ ಇದೆ. ಪುಟ ಅಚ್ಚಿಗೆ ಹೋಯಿತು.