ಹಲ್ಲು ಕೀಳಿಸಿದ ಗಾಯಕ್ಕೆ ಮನೆಮದ್ದು, ಸಹಾಯ ಬೇಕು

ಎಲ್ರಿಗೂ ನಮಸ್ಕಾರ, ಅಮ್ಮಂಗೆ ಮೊನ್ನೆ ದವಡೆ ಹಲ್ಲು ಕೀಳ್ಸಿದ್ವಿ, ಶುಗರ್ ಬೇರೆ ಇದೆ, ಗಾಯ ಮಾಯೋದು ಸ್ವಲ್ಪ ನಿಧಾನ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರು. 24 ಗಂಟೆ ಮುಕ್ಕಳಿಸ್ಬೇಡಿ, ಸ್ಟ್ರಾ ಹಾಕಿ ಕುಡೀಬೇಡಿ, ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದ್ರೆ ಡ್ರೈ ಸಾಕೆಟ್ (ಹಲ್ಲಿದ್ದ ಗುಳಿ ಬರಿದಾಗಿ ಒಳಗಿನ ಮೂಳೆ ತೆರ್ಕೊಳ್ಳೋದು) ಆಗಿ ವಿಪರೀತ ನೋವು ಬರುತ್ತೆ ಅಂದಿದ್ರು, ಅದೆಲ್ಲ ಪಾಲಿಸಿ ಈಗ ಉಗುರುಬೆಚ್ಚಗಿನ ಉಪ್ಪುನೀರು ನಡೀತಿದೆ. ಆದ್ರೆ ನಮ್ ದೊಡ್ಡಮ್ಮ ಲವಂಗದ ಎಣ್ಣೆ ಹತ್ತೀಲಿ ಅದ್ದಿ ಹಲ್ಲಿದ್ದ ಗುಳಿಯೊಳಗೇ ತುರುಕು ಅಂತ ಒಂದೇ ಹಠ 😀 ಬರೀ ಎಣ್ಣೆ ತಾಗಿದ್ರೆ ಒಸಡು ಸುಡುತ್ತಲ್ವಾ, ನಂಗೆ ಭಯ. ಸೀಬೆ ಎಲೆ ಕುದಿಸಿದ ನೀರು, ಅರಿಶಿನದ ನೀರು ಯಾರಾದ್ರೂ ಬಳಸಿದೀರಾ, ಯಾವಾಗಿಂದ ಶುರು ಮಾಡ್ಬಹುದು? ಡಾಕ್ಟ್ರು ಕೊಟ್ಟ ಮಾತ್ರೆ ಏನೂ ನಿಲ್ಸಲ್ಲ, ಅದ್ರ ಜೊತೆಗೆ ಕೇಳ್ತಿರೋದು. ಗ್ರೂಪಲ್ಲಿ ಡೆಂಟಿಸ್ಟ್ ಅಥವಾ ಆಯುರ್ವೇದದೋರು ಇದ್ರೆ ದಯವಿಟ್ಟು ಹೇಳಿ.