ಮೆಸೇಜು ಮೇಸ್ತ್ರಿ ಫೋನಿಗೆ ಹೋದ್ರೆ? ಟಿಡಿ ಲಸಿಕೆ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜಿ ನಮ್ಮ ಪಿಎಚ್‌ಸಿ ಡಾಕ್ಟ್ರು ಮೇಡಂ 10 ಮತ್ತ 16 ವರ್ಷದ ಮಕ್ಕಳ ಟಿಡಿ ಲಸಿಕಿ ಬಗ್ಗೆ ಉತ್ತರ ಕೊಡ್ತಾರ. ಗುಡ್ ಈವ್ನಿಂಗ್ ಫೋಟೋ ಹಾಕಬ್ಯಾಡ್ರಿ.

ಒಬ್ಬ ತಂದೆ: ನಮಸ್ಕಾರ ಮೇಡಂ. ಮಗ ಸಣ್ಣಾವ ಇದ್ದಾಗ ಎಲ್ಲಾ ಸೂಜಿ ಹಾಕ್ಸೀವಿ, ಮತ್ಯಾಕ್ರಿ?

ಡಾಕ್ಟರ್: ನಮಸ್ಕಾರ. ಆಗ ಬಂದ ರಕ್ಷಣೆ ವರ್ಷ ಕಳೆದಂಗೆ ಇಳಿಯುತ್ತೆ. ಟಿಡಿ ಧನುರ್ವಾಯು, ಗಂಟಲುಮಾರಿ ಎರಡಕ್ಕೂ. ಹಿಂದೆ ಕೊಡ್ತಿದ್ದ ಟಿಟಿಲಿ ಗಂಟಲುಮಾರಿದು ಇರ್ಲಿಲ್ಲ. 10ಕ್ಕೊಂದು, 16ಕ್ಕೊಂದು. ತಪ್ಪಿದ್ರೆ ತಡವಾಗಿಯಾದ್ರೂ ಹಾಕಿಸಿ.

ಆಶಾ ಕಾರ್ಯಕರ್ತೆ: ಮೇಡಂ, ನಮ್ಮ ತಾಂಡಾದ ಹುಡುಗಿಗೆ 16 ಆಗ್ಯಾವ, ಎಂಟನೇತ್ತಕ್ಕ ಸಾಲಿ ಬಿಟ್ಟಾಳ, ಮನಿಮಂದಿ ಎಲ್ಲಾ ಬೆಂಗಳೂರಿಗೆ ಗುಳೆ ಹೋಗ್ಯಾರ. ಸರ್ಕಾರದ ಲಸಿಕಿ ನೋಂದಣಿ ಆ್ಯಪ್ ಯುವಿನ್‌ನಾಗ ಕೊಟ್ಟಿದ್ದು ಮೇಸ್ತ್ರಿ ನಂಬರ್ರಿ, ಮೆಸೇಜ್ ಅವಂಗ ಹೋಗ್ತದ, ಅವ ಡಿಲೀಟ್ ಮಾಡ್ತಾನ. ಏನ್ ಮಾಡ್ಲಿ?

ಡಾಕ್ಟರ್: ಅಕ್ಕಾ, ನನಗೆ ನಿದ್ದೆಗೆಡಿಸೋದು ಇಂಥದ್ದೇ. ಸಾಲಿಗೆ ಹೋಗೋ ಮಕ್ಕಳು ಹೆಂಗೋ ಸಿಕ್ತಾರೆ, ಸಾಲಿ ಬಿಟ್ಟವರು ಯಾರ ಪಟ್ಟೀಲೂ ಇರಲ್ಲ. ಮೊದಲು ಊರಲ್ಲೇ ಉಳಿದವರ ನಂಬರ್ ಹಿಡೀರಿ, ಅಜ್ಜಿದೋ ದೊಡ್ಡಪ್ಪಂದೋ, ಯಾಕಂದ್ರೆ ಕೆಲಸಕ್ಕೆ ಹೋದವರು ಸಿಮ್ ಬದಲಾಯಿಸ್ತಾನೇ ಇರ್ತಾರೆ. ಫೋನ್ ಹಗಲೆಲ್ಲಾ ಅಪ್ಪನ ಜೇಬಲ್ಲಿ ಸೈಟಲ್ಲಿರುತ್ತೆ, ಬೆಳಿಗ್ಗೆ ಹತ್ತಕ್ಕೆ ಮೆಸೇಜ್ ಬಂದ್ರೆ ಅವ್ವಂಗೆ ಗೊತ್ತೇ ಆಗಲ್ಲ, ಅದಕ್ಕೇ ರಾತ್ರಿ ಏಳರ ಮೇಲೆ. ಬರೆದದ್ದು ಬೇಡ, ನಿಮ್ಮ ದನೀಲಿ ಲಂಬಾಣೀಲೇ ಹೇಳಿ. ಮನೆಯವರೆಲ್ಲಾ ಕೇಳೋ ಫೋನದು, ಅದಕ್ಕೆ ಹುಡುಗಿ ಮೈ ವಿಷಯ ಏನೂ ಬೇಡ, ದಿನ, ಜಾಗ ಅಷ್ಟೇ. ಬೆಂಗಳೂರಲ್ಲಿ ಯಾವ ಸರ್ಕಾರಿ ಲಸಿಕೆ ಕೇಂದ್ರದಲ್ಲಾದ್ರೂ ಹಾಕ್ತಾರೆ, ಊರಿಗೆ ಬರೋ ತನಕ ಕಾಯಬಾರದು. ಹಾಂ, ಮೆಸೇಜನ್ನೇ ನಂಬಿ ಕೂರಬೇಡಿ. ನ್ಯೂಯಾರ್ಕಿನ ಬಡ ಮನೆಗಳ ಮಕ್ಕಳು, ಹದಿಹರೆಯದವರ ಮೇಲೆ 2010-11ರಲ್ಲಿ ಫ್ಲೂ ಲಸಿಕೆಗೆ ಇದನ್ನ ಮಾಡಿ ನೋಡಿದ್ರು. ಮೆಸೇಜ್ ಹೋದವರಲ್ಲಿ 43.6%, ಹೋಗದವರಲ್ಲಿ 39.9% ಹಾಕಿಸಿಕೊಂಡ್ರು. ಅಷ್ಟೇ ವ್ಯತ್ಯಾಸ, ಆದ್ರೂ ಬಿಡೋ ಹಂಗಿಲ್ಲ.

ಕಿರಾಣಿ ಅಂಗಡಿ: *ತಪ್ಪದೇ ಶೇರ್ ಮಾಡಿ* ಬೇವು, ಅರಿಶಿನ, ಅಮೃತಬಳ್ಳಿ ಕಷಾಯ 21 ದಿನ ಕುಡಿದರೆ ಯಾವ ಸೂಜಿಯೂ ಬೇಡ 🙏🙏

ಡಾಕ್ಟರ್: ಗಂಟಲುಮಾರೀಲಿ ಗಂಟಲೊಳಗೆ ಬೂದು ಪೊರೆ ಕಟ್ಟಿ ಉಸಿರೇ ನಿಲ್ಲಬಹುದು, ಆಗ ನಿಮ್ಮ ಕಷಾಯ ಎಲ್ಲಿಂದ ಇಳಿಸ್ತೀರಿ ಸ್ವಾಮಿ? ಗಂಟಲು ನೋವು, ಜ್ವರ, ಕುತ್ತಿಗೆ ಊತ ಕಂಡ್ರೆ ಕಷಾಯ ಕಾಯಿಸ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಒಬ್ಬ ತಾಯಿ: ಮೇಡಂ, ನನ್ ಮಗಳಿಗೆ 12, 10ರದ್ದು ಬಿಟ್ಟೋಗಿದೆ, ಈಗ ಹಾಕ್ಸಬಹುದಾ?

ಡಾಕ್ಟರ್: ಮೇಲೆ ಹೇಳಿದ್ದೀನಿ.

ಹೈಸ್ಕೂಲ್ ಮೇಷ್ಟ್ರು: ಸಾಲಿ ಮಕ್ಕಳ ದಾಖಲಿ ಇಡೋ ಸ್ಯಾಟ್ಸ್‌ನಾಗ ಎಲ್ಲಾರ ನಂಬರ್ ಅದಾವ, ಆಶಾದವರು ಬಂದು ಒಯ್ಯಬೇಕಲ್ಲ.

ಆಶಾ ಕಾರ್ಯಕರ್ತೆ: ಹೋದ ಸಲ ಒಯ್ದೆ ಸರ್, ಹಚ್ಚಿದ್ರ ಹಾವೇರಿ ಕಡಿಯವರು ಯಾರೋ ಎತ್ತಿ ಬೈದ್ರು.

ಹೈಸ್ಕೂಲ್ ಮೇಷ್ಟ್ರು: ಬಿಸಿಯೂಟ, ಮೊಟ್ಟಿ ಲೆಕ್ಕ, ಮ್ಯಾಲ ಇದೂ ನಾವೇ ನೋಡಬೇಕೇನು?

ಆಶಾ ಕಾರ್ಯಕರ್ತೆ: ಮೊಟ್ಟಿ ಎಣಸಾಕ ನಿಮಗ ಪಗಾರ ಬರ್ತದ. ನಮಗ ಬರೀ ಗೌರವಧನ, ಪ್ರೋತ್ಸಾಹಧನ, ಅದೂ ಬಂದಾಗ.

ಕಿರಾಣಿ ಅಂಗಡಿ: ಆಯುರ್ವೇದಕ್ಕೆ ಅವಮಾನ ಮಾಡ್ಬೇಡಿ ಮೇಡಂ.

ಒಬ್ಬ ತಂದೆ: ಮೊನ್ನೆ ನಿಮ್ಮ ಮೊಮ್ಮಗಂಗ ಮೊಳೆ ಚುಚ್ಚಿದಾಗ ಸೂಜಿಗೆ ಓಡಿದ್ದು ಯಾರ್ರಿ?

ಬೀಡಾ ಅಂಗಡಿ: ಮೇಡಂ ನನಗ ಮೊಣಕಾಲು ನೋವು, ಏನ್ ತಗೋಬೇಕು?

ಇನ್ನೊಬ್ಬ ತಾಯಿ: ಎಚ್‌ಪಿವಿ ಸೂಜಿ ಹಾಕ್ಸಿದ್ರ ಮುಂದ ಮಕ್ಕಳಾಗಲ್ಲಂತ, ವಾಟ್ಸಾಪ್‌ನಾಗ ಬಂದದ, ಹೌದೇನ್ರಿ?

ಡಾಕ್ಟರ್: ಸುಳ್ಳು. ಅದು ಗರ್ಭಕೊರಳಿನ ಕ್ಯಾನ್ಸರ್ ತಡೆಯೋಕೆ. ಫಾರ್ವರ್ಡ್ ಮಾಡಿದವರನ್ನೇ ಕೇಳಿ, ಅವರು ಎಲ್ಲಿ ಓದಿದ್ರು ಅಂತ.

ಡಿಗ್ರಿ ಹುಡುಗ: ಲಸಿಕೆ ಮೆಸೇಜ್ ಅಂತ ಲಿಂಕ್ ಬಂತು, ಓಟಿಪಿ ಕೇಳ್ತಾರೆ.

ಡಾಕ್ಟರ್: ಫೋನ್ ಮಾಡಿ ಓಟಿಪಿ ಕೇಳಿದ್ರೆ ಕೊಡಬೇಡಿ. ಲಿಂಕ್ ಒತ್ತಬೇಡಿ.

ಮತ್ತೊಬ್ಬ ತಾಯಿ: ಮಗನಿಗೆ 17, 16ರದ್ದು ಈಗ ಹಾಕ್ಸಬಹುದಾ ಮೇಡಂ?

ಡಾಕ್ಟರ್: ಹಾಕ್ಸಬಹುದು. ಮೂರನೇ ಸಲ ಇದು.

ಆಶಾ ಕಾರ್ಯಕರ್ತೆ: ಮೇಡಂ, ಅಜ್ಜಿ ನಂಬರ್ ಸಿಕ್ತ್ರಿ. ಆದ್ರ ಕೀಪ್ಯಾಡ್ ಫೋನು, ವಾಯ್ಸ್ ಹೋಗಂಗಿಲ್ಲ.

ಡಾಕ್ಟರ್: ಹಂಗಾದ್ರೆ ಕಾಲ್ ಮಾಡಿ, ಈಗಲೇ. ಅಜ್ಜಿ ಎಂಟಕ್ಕೆ ಮಲಗಿಬಿಡ್ತಾರೆ.