ಯೂಟ್ಯೂಬ್ ತಡವರಿಸುತ್ತಿದೆ: ತಪ್ಪು ಲಿನಕ್ಸ್‌ನದೋ, ಕಲಬುರಗಿ ಬಿಸಿಲಿನದೋ?

ಬಿಸಿಲೂರ ಬಸು
ಎಲ್ಲರಿಗೂ ಶರಣು. ಹಳೇ ಲ್ಯಾಪ್‌ಟಾಪ್, ಇಂಟೆಲ್ ಐ5, 3ನೇ ಜನರೇಷನ್, 8 ಜಿಬಿ ರ್‍ಯಾಮ್. ಎರಡು ತಿಂಗಳ ಹಿಂದೆ ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಹಾಕಿದೆ. ಉಳಿದದ್ದೆಲ್ಲ ಚೆನ್ನಾಗಿದೆ. ಆದರೆ ಫೈರ್‌ಫಾಕ್ಸ್‌ನಲ್ಲಿ ಯೂಟ್ಯೂಬ್ ಹಾಕಿದರೆ ಚಿತ್ರ ತಡವರಿಸುತ್ತದೆ. ಮಾತು ಮುಂದೆ, ತುಟಿ ಹಿಂದೆ. ಫ್ಯಾನು ಹಿಟ್ಟಿನ ಗಿರಣಿ ಥರ ಸದ್ದು ಮಾಡುತ್ತದೆ. ತಂಗಿ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳೆ, ಅವಳ ಕ್ಲಾಸೆಲ್ಲ ವಿಡಿಯೊದಲ್ಲೇ. "ನಿನ್ನ ಪೆಂಗ್ವಿನ್ (ಲಿನಕ್ಸ್ ಗುರುತು) ಕಟ್ಟಿಕೊಂಡು ನಾನು ಫೇಲಾಗಬೇಕಾ" ಅಂತ ದಿನಾ ಬೈಸಿಕೊಳ್ಳುತ್ತಿದ್ದೇನೆ. ವಿಂಡೋಸ್‌ನಲ್ಲಿ ಇದೇ ಮಷೀನು ಸರಿಯಾಗಿ ಓಡುತ್ತಿತ್ತು. ಏನು ಮಾಡಲಿ?

ಫೆಡೋರಾ ಫಕೀರ (ಬೀದರ್)
ಮಿಂಟ್ ಹಾಕಿದ್ದೇ ಮೊದಲ ತಪ್ಪು. ಇನ್‌ಸ್ಟಾಲ್ ಮಾಡುವಾಗ ಮಲ್ಟಿಮೀಡಿಯಾ ಕೋಡೆಕ್ (ಒತ್ತಿ ಕಟ್ಟಿದ ವಿಡಿಯೊ ಬಿಡಿಸುವ ತಂತ್ರಾಂಶ) ಬೇಕಾ ಅಂತ ಕೇಳುತ್ತದೆ, ಅಲ್ಲಿ ಟಿಕ್ ಹಾಕದೆ ಮುಂದೆ ಹೋಗಿದ್ದೀರಿ. ಅದಕ್ಕೇ ಈ ಗೋಳು. ಫೆಡೋರಾ ಅನ್ನುವ ಇನ್ನೊಂದು ಲಿನಕ್ಸಿಗೆ ಬನ್ನಿ, ಒಂದು ಸಂಜೆಯ ಕೆಲಸ.

ಯಾದಗಿರಿ ಟೊಗರಿ
ಕೋಡೆಕ್ ಇಲ್ಲದಿದ್ದರೆ ವಿಡಿಯೊ ಶುರುವೇ ಆಗಲ್ಲ. ಇಲ್ಲಿ ಶುರುವಾಗಿ ತಡವರಿಸುತ್ತಿದೆ. ರೋಗವೇ ಬೇರೆ. ಬಸು ಅಣ್ಣಾ, ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ, 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಒತ್ತಿ. ಕೋಡೆಕ್ಸ್ ಅನ್ನುವ ಸಾಲಿನಲ್ಲಿ ಏನಿದೆ, ಡ್ರಾಪ್ಡ್ ಫ್ರೇಮ್ಸ್ ಎಷ್ಟಿದೆ, ಅಷ್ಟು ಹೇಳಿ. ಮತ್ತೆ ವಿಂಡೋಸ್‌ನಲ್ಲಿ ಎಷ್ಟರ ಕ್ವಾಲಿಟಿ ಇಟ್ಟು ನೋಡುತ್ತಿದ್ದಿರಿ?
ಫಕೀರ್ ಅವರೇ, ಫೆಡೋರಾ ಹೊಗಳುವ ಮುಂಚೆ ಒಂದು ಮಾತು. 2022ರಲ್ಲಿ 37ನೇ ಆವೃತ್ತಿ ತಂದಾಗ ಎಎಮ್‌ಡಿ ಗ್ರಾಫಿಕ್ಸ್‌ನವರಿಗೆ ಎಚ್.264 ಹಾರ್ಡ್‌ವೇರ್ ಡಿಕೋಡಿಂಗ್ (ಎಚ್.264 ಅನ್ನುವ ಬಗೆಯ ವಿಡಿಯೊವನ್ನು ಗ್ರಾಫಿಕ್ಸ್ ಚಿಪ್ಪೇ ಬಿಡಿಸುವುದು) ತೆಗೆದುಹಾಕಿದ್ದು ಯಾರು?

ಫೆಡೋರಾ ಫಕೀರ (ಬೀದರ್)
"ತೆಗೆದುಹಾಕಿದ್ದು" ಅಂತೆ! ಪೇಟೆಂಟ್ ಕಾಟ ರೀ ಅದು. ಆರ್‌ಪಿಎಮ್ ಫ್ಯೂಷನ್ ಅನ್ನುವ ಹೊರಗಿನ ತಂತ್ರಾಂಶ ಭಂಡಾರ ಸೇರಿಸಿಕೊಂಡರೆ ಅದೇ ಡ್ರೈವರ್ ಪೂರ್ತಿಯಾಗಿ ವಾಪಸ್ ಸಿಗುತ್ತದೆ. ಅರ್ಧ ಕತೆ ಹೇಳಬೇಡಿ.

ಯಾದಗಿರಿ ಟೊಗರಿ
ಉಳಿದರ್ಧ ನೀವು ಹೇಳಿದಿರಲ್ಲ, ಲೆಕ್ಕ ಚುಕ್ತಾ. ಬಸು ಅಣ್ಣಾ, ಆ ಎರಡು ಸಾಲು?

ಜಗತ್ ಸರ್ಕಲ್ ಹುಡುಗ
ಸ್ನ್ಯಾಪ್ (ಉಬುಂಟು ಲಿನಕ್ಸ್‌ನವರ ಆ್ಯಪ್ ಪೊಟ್ಟಣ) ಆಗಿ ಬಂದಿರೋ ಫೈರ್‌ಫಾಕ್ಸ್ ಕಿತ್ತು ಬಿಸಾಕಿ. ಎಲ್ಲಾ ಸರಿಹೋಗುತ್ತೆ. ನನಗೆ ಹಾಗೇ ಆಗಿತ್ತು.

ಯಾದಗಿರಿ ಟೊಗರಿ
ಮಿಂಟ್‌ನಲ್ಲಿ ಸ್ನ್ಯಾಪ್ ಎಲ್ಲಿಂದ ಬಂತು? ಫೈರ್‌ಫಾಕ್ಸನ್ನು ಸ್ನ್ಯಾಪ್ ಮಾಡಿದ್ದು ಉಬುಂಟುನವರು, 21.10ರಿಂದ. ಮಿಂಟ್‌ನವರು 20ನೇ ಆವೃತ್ತಿಯಿಂದಲೇ ಸ್ನ್ಯಾಪಿಗೆ ಬಾಗಿಲು ಹಾಕಿದ್ದಾರೆ.

ಜಗತ್ ಸರ್ಕಲ್ ಹುಡುಗ
ಮಿಂಟ್ ನಿಂತಿರೋದೇ ಉಬುಂಟು ಮೇಲೆ. ಬೇರು ಅದೇ ಅಂದಮೇಲೆ ಹಣ್ಣೂ ಅದೇ. ಇರಲಿ ಬಿಡಿ, ಉಪಕಾರ ಮಾಡೋಕೆ ಬಂದರೆ ಪ್ರಶ್ನೆಪತ್ರಿಕೆ ಕೊಡ್ತಾರೆ.

ಮಾಸ್ತರ್ ಕಾಕಾ
ಎಲ್ಲರೂ ಸಾಫ್ಟ್‌ವೇರಿನ ಹಿಂದೆ ಬಿದ್ದಿದ್ದೀರಿ. ಹೊರಗೆ ನೋಡಿ. ಮಧ್ಯಾಹ್ನ 42-43 ಡಿಗ್ರಿ. ಫ್ಯಾನು ಗಿರಣಿ ಥರ ಕೂಗುತ್ತಿದೆ ಅಂತ ಬಸು ತಾನೇ ಬರೆದಿದ್ದಾನೆ. ಪ್ರೊಸೆಸರ್ ಬಿಸಿಯಾದರೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಆಗ ವಿಡಿಯೊ ತಡವರಿಸದೆ ಏನು ಮಾಡುತ್ತದೆ? ನಮ್ಮ ಮನೆಯಲ್ಲಿ ಲ್ಯಾಪ್‌ಟಾಪನ್ನು ಕೂಲರ್ ಮುಂದೆ ಇಡುತ್ತೇನೆ. 4ನೇ ಜನರೇಷನ್ ಮಷೀನು, ಕ್ರಿಕೆಟ್ ಬೆಣ್ಣೆ ಹಾಗೆ ಓಡುತ್ತದೆ. ಬಸಣ್ಣಾ, ಕೂಲರ್ ಮುಂದೆ ಇಡಪ್ಪಾ.

ಸೂಪರ್ ಮಾರ್ಕೆಟ್ ರಿಪೇರಿ
ಕಾಕಾ, ದಯವಿಟ್ಟು ಇಂಥಾ ಸಲಹೆ ಕೊಡಬೇಡಿ. ಕೂಲರ್ ಗಾಳಿ ಅಂದರೆ ನೀರಿನ ಗಾಳಿ. ಏಪ್ರಿಲ್, ಮೇನಲ್ಲಿ ನನ್ನ ಟೇಬಲ್ಲಿಗೆ ಬರುವ ಬೋರ್ಡ್‌ಗಳನ್ನು ಒಮ್ಮೆ ಬಂದು ನೋಡಿ. ಫ್ಯಾನಿನ ಕಿಂಡಿ ಹತ್ತಿರ ಬಿಳಿ ಪುಡಿ, ಚಿಪ್ಪುಗಳ ಕಾಲುಗಳ ಮೇಲೆ ಹಸಿರು ಕಿಲುಬು. ಎಲ್ಲಾ ಕೂಲರ್ ಗಿರಾಕಿಗಳೇ.

ಮಾಸ್ತರ್ ಕಾಕಾ
"ನೀರಿನ ಗಾಳಿ" ಅಂದಿರಿ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಹೇಳುತ್ತಿದ್ದೀರಿ. ಬೆವರುವುದು ತಣ್ಣನೆ ತಂಬಿಗೆ, ಬಿಸಿ ತಂಬಿಗೆಯಲ್ಲ. ಲ್ಯಾಪ್‌ಟಾಪಿನ ಒಳಗೆ ಹೊರಗಿಗಿಂತ ಬಿಸಿ ಜಾಸ್ತಿ. ಅಲ್ಲಿ ಹಬೆ ನೀರಾಗಿ ಕೂರುವುದು ಹೇಗೆ?

ಬಿಸಿಲೂರ ಬಸು
ಟೊಗರಿ ಅಕ್ಕಾ, ನೋಡಿದೆ. 1080ಪಿ. ಕೋಡೆಕ್ಸ್ ಸಾಲಿನಲ್ಲಿ ವಿಪಿ09 ಅಂತ ಏನೋ ಇದೆ. ಡ್ರಾಪ್ಡ್ ಅಂತ 1912, ಅದರ ಮುಂದೆ 4350.

ಸೂಪರ್ ಮಾರ್ಕೆಟ್ ರಿಪೇರಿ
ತಂಬಿಗೆ ಪಾಠ ಇರಲಿ ಕಾಕಾ. ಹಬೆಯ ಮಾತಲ್ಲ, ಹನಿಯ ಮಾತು. ಪಂಪು ಜೋರಾಗಿದ್ದು ಹುಲ್ಲು ಹಳೇದಾಗಿದ್ದರೆ ಸಣ್ಣ ಹನಿ ಗಾಳಿ ಜೊತೆ ಹಾರಿ ಬರುತ್ತವೆ. ನಮ್ಮೂರಿನ ಬೋರ್ ನೀರು ಎಂಥಾ ಗಡಸು ಅಂತ ನಿಮಗೆ ಗೊತ್ತಿಲ್ಲವಾ? ಒಂದು ತಿಂಗಳಲ್ಲಿ ಹುಲ್ಲಿನ ಮೇಲೆ ಸುಣ್ಣ ಬಳಿದ ಹಾಗೆ ಆಗುತ್ತದೆ. ನೀರು ಆರಿಹೋಗುತ್ತೆ, ಉಪ್ಪು ಬೋರ್ಡ್ ಮೇಲೇ ಉಳಿಯುತ್ತೆ.

ಯಾದಗಿರಿ ಟೊಗರಿ
ಸಿಕ್ಕಿತು ಬಿಡಿ. ವಿಪಿ09 ಅಂದರೆ ವಿಪಿ9, ಎಚ್.264 ಥರ ವಿಡಿಯೊ ಕಟ್ಟುವ ಇನ್ನೊಂದು ಬಗೆ. ನಿಮ್ಮ 3ನೇ ಜನರೇಷನ್ ಚಿಪ್ಪು 2012ರದ್ದು. ಅದರ ಗ್ರಾಫಿಕ್ಸ್ ಭಾಗಕ್ಕೆ ಎಚ್.264 ಬಿಡಿಸಲು ಬರುತ್ತದೆ, ವಿಪಿ9 ಬರಲ್ಲ. ಇಂಟೆಲ್‌ನಲ್ಲಿ ವಿಪಿ9 ಪೂರ್ತಿಯಾಗಿ ಚಿಪ್ಪಿನಲ್ಲೇ ಬಂದಿದ್ದು 7ನೇ ಜನರೇಷನ್‌ಗೆ, ಎವಿ1 ಅನ್ನುವ ಮತ್ತೊಂದು ಬಗೆ ಬಂದಿದ್ದು 11ಕ್ಕೆ. ಹಾಗಾಗಿ ಅಷ್ಟೂ ಕೆಲಸ ಪ್ರೊಸೆಸರ್ ತಲೆ ಮೇಲೆ. 4350 ಫ್ರೇಮ್‌ನಲ್ಲಿ 1912 ಬಿದ್ದುಹೋದವು ಅಂದರೆ ಹತ್ತಕ್ಕೆ ನಾಲ್ಕಕ್ಕಿಂತ ಜಾಸ್ತಿ. ಫ್ಯಾನು ಕೂಗೋದೂ ಅದಕ್ಕೇ. ಬಿಸಿಲು ಕಾರಣ ಅಲ್ಲ, ಬಿಸಿ ಇದರ ಫಲ.
ಫೈರ್‌ಫಾಕ್ಸ್ ಆ್ಯಡ್‌ಆನ್‌ಗಳಲ್ಲಿ 'ಎಚ್264ಇಫೈ' ಅಂತ ಹುಡುಕಿ ಹಾಕಿ. ಅದು ಯೂಟ್ಯೂಬ್‌ಗೆ "ಇವರಿಗೆ ವಿಪಿ9 ಬರಲ್ಲ" ಅಂತ ಹೇಳಿ ಎಚ್.264 ತರಿಸುತ್ತದೆ. 60 ಎಫ್‌ಪಿಎಸ್ (ಸೆಕೆಂಡಿಗೆ 60 ಫ್ರೇಮ್) ತಡೆಯುವ ಆಯ್ಕೆಯೂ ಅದರಲ್ಲಿದೆ, ಅದನ್ನೂ ಆನ್ ಮಾಡಿ. 1080ಪಿಗಿಂತ ಮೇಲೆ ಎಚ್.264 ಸಿಗಲ್ಲ. ಎಫ್‌ಡಿಎ ಕ್ಲಾಸಿಗೆ ಅಷ್ಟು ಸಾಕಲ್ವಾ?

ಮಾಸ್ತರ್ ಕಾಕಾ
"ಬಿಸಿ ಇದರ ಫಲ" ಅಂತ ತಾವೇ ಒಪ್ಪಿಕೊಂಡಿರಿ. ಬಿಸಿ ಇದೆ ಅಂತಾಯಿತು. ಬಿಸಿ ಇಳಿಸಿದರೆ ವೇಗ ಬರುತ್ತದೆ. ನಾನು ಬೇರೆ ಏನು ಹೇಳಿದ್ದೆ?

ಫೆಡೋರಾ ಫಕೀರ (ಬೀದರ್)
ಟೊಗರಿ ಅವರೇ, ಇಂಟೆಲ್ ಗ್ರಾಫಿಕ್ಸ್‌ಗೆ ಹಾರ್ಡ್‌ವೇರ್ ಡಿಕೋಡಿಂಗ್ ಲಿನಕ್ಸ್‌ನಲ್ಲಿ ಡೀಫಾಲ್ಟ್ ಆನ್ ಆಗಿ ಬಂದಿದ್ದು ಫೈರ್‌ಫಾಕ್ಸ್ 115ರಿಂದ, 2023ರಲ್ಲಿ. ಆನ್ ಇರುವಾಗ "ಪ್ರೊಸೆಸರ್ ತಲೆ ಮೇಲೆ" ಹೇಗೆ ಬಿತ್ತು? ಓದಿಕೊಂಡು ಬನ್ನಿ.

ಯಾದಗಿರಿ ಟೊಗರಿ
ನಲ್ಲಿ ಆನ್ ಇದೆ ಸ್ವಾಮಿ, ಪೈಪೇ ಇಲ್ಲ! ಫೈರ್‌ಫಾಕ್ಸ್ ಚಿಪ್ಪನ್ನು ಕೇಳಬಹುದು ಅಷ್ಟೇ, ಚಿಪ್ಪಿನಲ್ಲಿ ಇಲ್ಲದ ಸರ್ಕ್ಯೂಟ್ ಹುಟ್ಟಿಸೋಕಾಗಲ್ಲ. ಬಸು ಅಣ್ಣಾ, ಚಿಪ್ಪಿಗೆ ಯಾವ ಯಾವ ಬಗೆ ಬಿಡಿಸಲು ಬರುತ್ತದೆ ಅಂತ ತೋರಿಸುವ 'ವಿಎಇನ್ಫೋ' (vainfo) ಪ್ಯಾಕೇಜ್ ಹಾಕಿ ಟರ್ಮಿನಲ್‌ನಲ್ಲಿ ಅದೇ ಹೆಸರು ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ ವಿಪಿ9 ಇದೆಯಾ ನೋಡಿ ಹೇಳಿ. ಫಕೀರ್ ಸಾಹೇಬರೂ ನೋಡಲಿ.

ಸೂಪರ್ ಮಾರ್ಕೆಟ್ ರಿಪೇರಿ
ಬಿಸಿ ಇಳಿಸಬೇಕಾದರೆ ದಾರಿ ಇದೆ. ಹಿಂದಿನ ಮುಚ್ಚಳ ಬಿಚ್ಚಿ, ಹೀಟ್‌ಸಿಂಕ್ ಜಾಲರಿಯಲ್ಲಿ ಕಂಬಳಿ ತುಂಡಿನ ಹಾಗೆ ಕೂತಿರುವ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಅರ್ಧ ಗಂಟೆ ಕೆಲಸ. ಕೂಲರ್ ಮುಂದೆ ಇಡೋದು ಅಂದರೆ ಜ್ವರ ಬಂದವನನ್ನು ಕೆರೆಗೆ ತಳ್ಳಿದ ಹಾಗೆ.

ಮಾಸ್ತರ್ ಕಾಕಾ
ಈಗ ಗೊತ್ತಾಯಿತು. ಕೂಲರ್ ಮುಂದೆ ಇಟ್ಟು ಎಲ್ಲರ ಲ್ಯಾಪ್‌ಟಾಪೂ ಸರಿಹೋದರೆ ಪೇಸ್ಟ್ ಹಚ್ಚಿಸೋಕೆ ನಿಮ್ಮ ಅಂಗಡಿಗೆ ಯಾರು ಬರಬೇಕು?

ಸೂಪರ್ ಮಾರ್ಕೆಟ್ ರಿಪೇರಿ
ಕಾಕಾ, ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ನಿದ್ದೇನೆ. ನಾನು ಇಲ್ಲಿ ಅಂಗಡಿ ಹೆಸರು ಹಾಕಿದ್ದೀನಾ? ನಂಬರ್ ಕೊಟ್ಟಿದ್ದೀನಾ? ಹನ್ನೆರಡು ವರ್ಷದಿಂದ ಕಣ್ಣಾರೆ ನೋಡಿದ್ದು ಹೇಳಿದೆ.

ಮಾಸ್ತರ್ ಕಾಕಾ
"ಕಣ್ಣಾರೆ ನೋಡಿದ್ದು" ಯಾವುದನ್ನ? ಕೆಟ್ಟುಹೋದದ್ದನ್ನ ಮಾತ್ರ. ಕೂಲರ್ ಮುಂದೆ ಕೂತು ಚೆನ್ನಾಗಿರುವ ನೂರು ಲ್ಯಾಪ್‌ಟಾಪ್ ನಿಮ್ಮ ಟೇಬಲ್ಲಿಗೆ ಬರುವುದೇ ಇಲ್ಲ. ಆಸ್ಪತ್ರೆಯಲ್ಲಿ ಕೂತು ಊರೆಲ್ಲ ರೋಗಿಗಳೇ ಅಂದ ಹಾಗಾಯಿತು.

ಜಗತ್ ಸರ್ಕಲ್ ಹುಡುಗ
ಕಾಕಾ ಸಿಕ್ಸರ್.

ಸೂಪರ್ ಮಾರ್ಕೆಟ್ ರಿಪೇರಿ
ಸ್ನ್ಯಾಪ್ ತೆಗೆಯೋಕೆ ಹೇಳಿದವರು ಅಂಪೈರಾ ಈಗ? ಸರಿ ಕಾಕಾ, ನಿಮ್ಮ ನೂರು ಲ್ಯಾಪ್‌ಟಾಪ್ ಎಲ್ಲಿವೆ? ನೀವು ಹೇಳಿದ್ದು ಒಂದೇ, ನಿಮ್ಮ ಮನೆಯದು. ಅದನ್ನೂ ಬಿಚ್ಚಿ ನೋಡಿಲ್ಲ.

ಮಾಸ್ತರ್ ಕಾಕಾ
ಓಡುತ್ತಿರುವ ಮಷೀನನ್ನು ಯಾಕೆ ಬಿಚ್ಚಲಿ? ಕಿಟಕಿ ತೆರೆದಿಟ್ಟು ಕೂಲರ್ ಹಚ್ಚಿದರೆ ನಮ್ಮ ಒಣ ಹವೆಗೆ ತೇವ ನಿಲ್ಲುವುದೇ ಇಲ್ಲ. ಮಂಗಳೂರಿನಲ್ಲಿ ಇದ್ದಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ.

ಫೆಡೋರಾ ಫಕೀರ (ಬೀದರ್)
ಒಂದು ಮಾತು. ಬೀದರ್‌ನಲ್ಲಿ ಕಲಬುರಗಿಯಷ್ಟು ಸೆಕೆ ಇಲ್ಲ. ನಮಗೆ ಈ ಸಮಸ್ಯೆನೇ ಇಲ್ಲ.

ಮಾಸ್ತರ್ ಕಾಕಾ
ನೋಡಿ! ಬೀದರ್ ತಂಪು, ಅಲ್ಲಿ ಸಮಸ್ಯೆ ಇಲ್ಲ. ಇದಕ್ಕಿಂತ ಸಾಕ್ಷಿ ಬೇಕಾ?

ಫೆಡೋರಾ ಫಕೀರ (ಬೀದರ್)
ನಾನು ಹೇಳಿದ್ದು ಫೆಡೋರಾದಿಂದ ಸಮಸ್ಯೆ ಇಲ್ಲ ಅಂತ!

ಯಾದಗಿರಿ ಟೊಗರಿ
ನಿಮ್ಮ ಪ್ರೊಸೆಸರ್ ಯಾವುದು ಫಕೀರ್ ಅವರೇ?

ಫೆಡೋರಾ ಫಕೀರ (ಬೀದರ್)
10ನೇ ಜನರೇಷನ್. ಅದಕ್ಕೂ ಇದಕ್ಕೂ ಏನು?

ಯಾದಗಿರಿ ಟೊಗರಿ
ಏನಿಲ್ಲ. 7 ದೊಡ್ಡದೋ 10 ದೊಡ್ಡದೋ ಅಂತ ಯೋಚನೆ ಮಾಡುತ್ತಿದ್ದೆ.

ಬಿಸಿಲೂರ ಬಸು
ಕ್ಷಮಿಸಿ, ಮಧ್ಯಾಹ್ನ ಕರೆಂಟು ಹೋಗಿತ್ತು. ವಿಎಇನ್ಫೋ ನೋಡಿದೆ. ಎಂಪೆಗ್2 ಇದೆ, ಎಚ್264 ಮೂರ್ನಾಲ್ಕು ಸಾಲು ಇದೆ, ವಿಪಿ9 ಹೆಸರೇ ಇಲ್ಲ. ಆ ಆ್ಯಡ್‌ಆನ್ ಹಾಕಿದೆ. ಈಗ ಕೋಡೆಕ್ಸ್ ಸಾಲಿನಲ್ಲಿ ಎವಿಸಿ1 ಅಂತ ಬರುತ್ತಿದೆ. ಹತ್ತು ನಿಮಿಷ ಓಡಿಸಿದರೆ ಡ್ರಾಪ್ಡ್ ಬರೀ 11. ತುಟಿ, ಮಾತು ಒಂದಾಗಿವೆ. ಕಾಕಾ ಹೇಳಿದ ಹಾಗೆ ಕೂಲರ್ ಮುಂದೆಯೂ ಇಟ್ಟೆ. ಇಬ್ಬರಿಗೂ ಶರಣು.

ಮಾಸ್ತರ್ ಕಾಕಾ
ಹೇಳಿದ್ದೆನಲ್ಲಪ್ಪಾ ಬಸಣ್ಣಾ! ಕೂಲರ್ ಕೂಲರ್‌ನೇ.

ಯಾದಗಿರಿ ಟೊಗರಿ
ಅಣ್ಣಾ, ಎರಡನ್ನೂ ಒಟ್ಟಿಗೆ ಯಾಕೆ ಮಾಡಿದಿರಿ! ಎವಿಸಿ1 ಅಂದರೆ ಎಚ್.264. ಫ್ರೇಮ್ ಉಳಿದದ್ದು ಅದರಿಂದ. ಕೂಲರ್ ಕೋಡೆಕ್ ಬದಲಾಯಿಸಲ್ಲ.

ಸೂಪರ್ ಮಾರ್ಕೆಟ್ ರಿಪೇರಿ
ಕೂಲರ್ ಎಷ್ಟು ದೂರದಲ್ಲಿದೆ ಬಸು? ಆರಡಿಗಿಂತ ಹತ್ತಿರ ಇದ್ದರೆ ಈಗಲೇ ಸರಿಸಿ.

ಮಾಸ್ತರ್ ಕಾಕಾ
"ಆರಡಿ" ಯಾವ ಪುಸ್ತಕದಲ್ಲಿದೆ?

ಯಾದಗಿರಿ ಟೊಗರಿ
ಬಸು ಅಣ್ಣಾ, ಮೂರನೇ ಸಲ ಕೇಳೋ ಥರ ಮಾಡಬೇಡಿ. ವಿಂಡೋಸ್‌ನಲ್ಲಿ ಕ್ವಾಲಿಟಿ ಎಷ್ಟಿತ್ತು?

ಬಿಸಿಲೂರ ಬಸು
ಆಗ ಮೊಬೈಲ್ ಹಾಟ್‌ಸ್ಪಾಟ್ ಇತ್ತು ಅಕ್ಕಾ. ಕ್ವಾಲಿಟಿ ಆಟೋದಲ್ಲೇ ಬಿಟ್ಟಿದ್ದೆ, 360, ಜಾಸ್ತಿ ಅಂದರೆ 480. ಮಿಂಟ್ ಹಾಕಿದ ವಾರವೇ ಮನೆಗೆ ಫೈಬರ್ ಬಂತು. ಅದಕ್ಕೇ ಈಗ ತಾನಾಗಿಯೇ 1080 ಬರುತ್ತಿದೆ ಅನ್ಸುತ್ತೆ. ಇದನ್ನ ಮೊದಲೇ ಹೇಳಬೇಕಿತ್ತಾ?

ಯಾದಗಿರಿ ಟೊಗರಿ
ಯಪ್ಪಾ. ಲಿನಕ್ಸ್ ಸುಮ್ನೆ ಎರಡು ತಿಂಗಳು ಬೈಸಿಕೊಂಡಿತು. ತಂಗಿಗೆ ಹೇಳಿ ಇದನ್ನ.

ಫೆಡೋರಾ ಫಕೀರ (ಬೀದರ್)
ಅಂದರೆ ಮಿಂಟ್ ತಪ್ಪಲ್ಲ ಅಂತಾನಾ? ನಾನು ಒಪ್ಪಲ್ಲ. ಅದರ ಕರ್ನಲ್ (ಲಿನಕ್ಸಿನ ತಿರುಳು) ಹಳೇದೇ.

ಬಿಸಿಲೂರ ಬಸು
ತಂಗಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ, ಕೂಲರನ್ನು ತನ್ನ ಕಡೆ ತಿರುಗಿಸಿಕೊಂಡು ಕ್ಲಾಸ್ ನೋಡುತ್ತಿದ್ದಾಳೆ. ಲ್ಯಾಪ್‌ಟಾಪಿಗೆ ಈಗ ಗಾಳಿ ಇಲ್ಲ. ವಿಡಿಯೊ ಮಾತ್ರ ಹಾಗೇ ಓಡುತ್ತಿದೆ. ಫ್ಯಾನಿನ ಸದ್ದೂ ಇಲ್ಲ.

ಮಾಸ್ತರ್ ಕಾಕಾ
ಸಂಜೆ ಏಳಾಯಿತಲ್ಲಪ್ಪಾ, ಬಿಸಿಲು ಇಳಿದಿದೆ.

ಸೂಪರ್ ಮಾರ್ಕೆಟ್ ರಿಪೇರಿ
ಕಾಕಾ, ನಿಮ್ಮ ಕೂಲರ್ ಹುಲ್ಲು ಬದಲಾಯಿಸಿ ಎಷ್ಟು ದಿನ ಆಯ್ತು? ನಿಜ ಹೇಳಿ.